ಇಲಿಯ ಕರುಳು ಹೇಳಿದ ಸುಳ್ಳು

ಇಲಿಯ ಕರುಳು ಅಲ್ಲಾಡಲೇ ಇಲ್ಲ.

ಬೆಚ್ಚನೆಯ ಉಪ್ಪುನೀರು ತುಂಬಿದ ಗಾಜಿನ ಕೊಳವೆಯೊಳಗೆ ಕಿರುಬೆರಳಿನಷ್ಟುದ್ದದ ಆ ತುಂಡು ದಾರಕ್ಕೆ ಕಟ್ಟಿಸಿಕೊಂಡು ನೇತಾಡುತ್ತಿತ್ತು. ದಾರದ ಇನ್ನೊಂದು ತುದಿಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಲೇಖನಿ, ಲೇಖನಿಯ ಕೆಳಗೆ ಮೆಲ್ಲನೆ ಉರುಳುವ ಕಾಗದ. ಕರುಳು ಹಿಂಡಿಕೊಂಡರೆ ಗೆರೆ ಮೇಲೇಳಬೇಕು. ಆದರೆ ಗೆರೆ ಹಾಸಿಗೆ ಹಿಡಿದ ರೋಗಿಯ ಹಾಗೆ ಮಲಗಿದಲ್ಲೇ ಮಲಗಿತ್ತು.

"ನೋಡಿದ್ರಾ?" ಚಿಕ್ಕ ಡಾಕ್ಟರು ಸಿರಿಂಜನ್ನು ತಟ್ಟೆಗೆ ಹಾಕಿದರು. "ಹಂಡೆಯಿಂದ ತೆಗೆದ ಸಾರ ಇದು. ಸತ್ತುಹೋಗಿದೆ. ನಾನು ಮೊದಲಿನಿಂದ ಹೇಳ್ತಿರೋದು ಅದನ್ನೇ. ಹಂದಿ ಕರುಳು ಬೆಳಗ್ಗೆಯಿಂದ ಬಕೆಟ್‌ನಲ್ಲಿ ಕೊಳೀತಾ ಬಿದ್ದಿತ್ತು. ಮಧ್ಯಾಹ್ನ ನಾನು ಬಂದವನು ಮೊದಲು ಕಂಡದ್ದು ಬಕೆಟ್. ಎತ್ತಿ ಕುದಿಯೋ ನೀರಿಗೆ ಸುರಿದೆ. ತಿರುಗಿ ನೋಡಿದ್ರೆ ಹಂಡೆ ಹಿಂದೆ ದೊಡ್ಡ ಡಾಕ್ಟರ ಹೆಣ."

"ಅಲ್ಲಿಗೆ ಮುಗೀತಲ್ಲ!" ಎಂದು ಠಾಣಾಧಿಕಾರಿ ಮೇಜು ಗುದ್ದಿದ. ಅವನು ಮೆಲ್ಲಗೆ ಮಾತಾಡಿದ್ದನ್ನು ಹೆತ್ತವಳೂ ಕೇಳಿರಲಿಕ್ಕಿಲ್ಲ. ಇಲಾಖೆಯಲ್ಲಿ ಅವನ ಹೆಸರೇ ಗುಡುಗು. "ನಿಮ್ಮ ಅಳಿಯ ಕರುಳು ಇಳಿಸಿದ, ಮಚ್ಚು ಬೀಸಿದ, ವ್ಯಾನ್ ಹತ್ತಿ ಹೋದ. ಬೇಯಿಸಬೇಕಾದವರು ಸತ್ತು ಬಿದ್ದಿದ್ರು, ಕರುಳು ಹಾಳಾಯ್ತು. ಇನ್ನೇನು ಬೇಕು ನಿಮಗೆ?"

ಅವನು ಕೇಳಿದ್ದು ಮೂಲೆಯ ಸ್ಟೂಲಿನ ಮೇಲಿದ್ದ ಮುದುಕನನ್ನು. ಪೊಲೀಸ್ ಕೆಲಸದಿಂದ ನಿವೃತ್ತನಾದರೂ ಆ ಮುದುಕನನ್ನು ಊರೆಲ್ಲ ಜಿಗಣೆ ಎಂದೇ ಕರೆಯುತ್ತಿತ್ತು. ಕಚ್ಚಿದರೆ ಬಿಡುವವನಲ್ಲ. ಮೊನ್ನೆ ಈ ಸಂಶೋಧನಾಲಯದ ಮುಖ್ಯಸ್ಥ ದೊಡ್ಡ ಡಾಕ್ಟರ ತಲೆಯನ್ನು ಹೋಳು ಮಾಡಿದ್ದು ಕಸಾಯಿಖಾನೆಯಿಂದ ಕರುಳು ತಂದುಕೊಡುವ ಅವನ ಅಳಿಯನ ಮಚ್ಚು. ಆವತ್ತಿನಿಂದ ಜಿಗಣೆ ಈ ಕಟ್ಟಡಕ್ಕೆ ಅಂಟಿಕೊಂಡಿದ್ದ.

"ಸಂಜೆ ಅವನನ್ನ ಸ್ಥಳ ತೋರಿಸೋಕೆ ಕರ್ಕೊಂಡು ಹೋಗ್ತೀನಿ," ಎಂದ ಗುಡುಗು, ಮುದುಕನ ಮುಖ ನೋಡದೆ.

ಸ್ಥಳ ತೋರಿಸುವುದೆಂದರೆ ಏನೆಂದು ಹಳೆಯ ಪೊಲೀಸನಾದ ಜಿಗಣೆಗೆ ಬಿಡಿಸಿ ಹೇಳಬೇಕೇ? ಬೇಲಿ ಪಕ್ಕದ ಖಾಲಿ ಜಾಗ, ಬಿಚ್ಚಿದ ಕೋಳ, ಓಡು ಎಂಬ ಒಂದು ಮಾತು, ಬೆನ್ನಿಗೆ ಎರಡು ಗುಂಡು. ಓಡಿಹೋಗಲು ಯತ್ನಿಸಿದ ಎಂದು ಬರೆದು ಸಹಿ ಹಾಕಿದರೆ ಮೊಕದ್ದಮೆ ಮುಗಿಯಿತು.

ಬೆಳಗ್ಗೆ ತಾನೇ ಲಾಕಪ್ಪಿನಲ್ಲಿ ಅಳಿಯನನ್ನು ಕಂಡು ಬಂದಿದ್ದ. ಪಾದಗಳು ಊದಿ ನೇರಳೆ ಬಣ್ಣಕ್ಕೆ ತಿರುಗಿದ್ದವು, ಬಲಗೈಯ ಎರಡು ಬೆರಳುಗಳಿಗೆ ಉಗುರಿರಲಿಲ್ಲ, ಒಂದು ಕಣ್ಣು ಮುಚ್ಚಿಹೋಗಿತ್ತು. "ನಾನು ಹೊರಟಾಗ ದೊಡ್ಡ ಡಾಕ್ಟರು ಬದುಕಿದ್ರು ಮಾವ. ಮಚ್ಚು ಅಲ್ಲೇ ಮರೆತೆ. ನನ್ನ ಕೈಯಾರೆ ಮುಚ್ಚಳ ಬಿಗಿದು ತಂದ ಬಕೆಟ್‌ಗಳು, ಹಾಗೇ ಇಳಿಸಿ ಬಂದೆ," ಎಂದಷ್ಟೇ ಹೇಳಿದ್ದ, ಒಡೆದ ತುಟಿಯಲ್ಲಿ. ಹಂದಿ ಕಡಿಯುವವನಿಗೆ ಮಗಳನ್ನು ಕೊಡುವುದಿಲ್ಲವೆಂದು ಒಂದು ಕಾಲದಲ್ಲಿ ಕುಣಿದಾಡಿದ್ದ ಜಿಗಣೆಗೆ ಅವನನ್ನು ಕಂಡರೆ ಇವತ್ತಿಗೂ ಅಷ್ಟಕ್ಕಷ್ಟೇ. ಯಾರಾದರೂ ಕೇಳಿದರೆ ಅಳಿಯ ಅಲ್ಲ, ಮಗಳ ಗಂಡ ಎನ್ನುವ ಪೈಕಿ. ಆದರೆ ಮಗಳು ಠಾಣೆಯ ಮೆಟ್ಟಿಲ ಮೇಲೆ ಕೂತು, "ಅಪ್ಪಾ, ನಿನಗೆ ಅವರು ಹಿಡಿಸಲ್ಲ, ಗೊತ್ತು. ನನಗೆ ಬೇಕು. ಬದುಕಿಸಿಕೊಡು," ಎಂದಿದ್ದಳು. ಹೆತ್ತ ಕರುಳು, ಇನ್ನೇನು ಮಾಡುತ್ತೆ?

ಅವನು ಎದ್ದು ಹೊರಗೆ ಬಂದ. ಓಣಿಯ ಕೊನೆಯಲ್ಲಿ ಪ್ರಾಣಿಗಳ ಕೋಣೆ. ಅಲ್ಲಿ ಮೊಲಗಳಿಗೆ ಸೊಪ್ಪು ಹಾಕುತ್ತಾ ನಿಂತಿದ್ದವಳು ದೊಡ್ಡ ಡಾಕ್ಟರ ಶಿಷ್ಯೆ. ಎಲ್ಲರ ಬಾಯಲ್ಲೂ ಮೊಲದ ಡಾಕ್ಟರು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು, ಆದರೂ ನಾಲಿಗೆ ಚುರುಕಾಗಿಯೇ ಇತ್ತು.

"ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?"

"ಹಂಡೆಯ ಸಾರ ಸತ್ತಿದೆಯಂತಮ್ಮ. ಇಲಿ ಕರುಳಿಗೆ ಹಾಕಿ ತೋರಿಸಿದ್ರು, ಮಿಸುಕಲಿಲ್ಲ."

ಅವಳ ಕೈಯ ಸೊಪ್ಪು ನೆಲಕ್ಕೆ ಬಿತ್ತು. "ಇಲಿನಾ? ಮೋಟಿಲಿನ್ ನೋಡೋಕೆ ಇಲಿನಾ?"

"ಯಾಕೆ, ಇಲಿಗೆ ಕರುಳಿಲ್ವಾ?"

"ಕರುಳಿದೆ, ಕಿವಿ ಇಲ್ಲ!" ಅವಳು ನಕ್ಕಳೋ ಸಿಟ್ಟಾದಳೋ ಅವನಿಗೆ ತಿಳಿಯಲಿಲ್ಲ. "ಕೂತ್ಕೊಳ್ಳಿ ಸಾರ್. ಕರುಳು ಬರೀ ಚೀಲ ಅಲ್ಲ. ಅದು ಹಾರ್ಮೋನು ಬಿಟ್ಟು ತನಗೆ ತಾನೇ ಹುಕುಂ ಕೊಡುತ್ತೆ. ಹಿಂಡ್ಕೋ, ಸಡಿಲ ಬಿಡು, ರಸ ಸುರಿಸು ಅಂತ. ಒಂದೊಂದು ಹಾರ್ಮೋನೂ ಮಣಿ ಪೋಣಿಸಿದ ಸರದ ಥರ. ಮೋಟಿಲಿನ್ ಅಂದ್ರೆ ಹಿಂಡ್ಕೋ ಅನ್ನೋ ಸರ. ನಮ್ಮ ಕೆಲಸ ಏನಂದ್ರೆ, ಹಂದಿ ಸರ ಕೋಳಿ ಸರ ಮೊಲದ ಸರ ಪಕ್ಕಪಕ್ಕ ಇಟ್ಟು ಎಲ್ಲಿ ಮಣಿ ಬದಲಾಗಿದೆ, ಒಂದರದ್ದು ಇನ್ನೊಂದಕ್ಕೆ ನಾಟುತ್ತಾ ಅಂತ ನೋಡೋದು."

"ನಾಟುತ್ತಾ?"

"ಕೆಲವು ನಾಟುತ್ವೆ, ಕೆಲವು ನಾಟಲ್ಲ. ರಸ ಸುರಿಸು ಅನ್ನೋ ಸರ ಸೆಕ್ರೆಟಿನ್. ಕೋಳಿಯ ಸೆಕ್ರೆಟಿನ್ ಹಂದಿಗೆ ಹಾಕಿದ್ರೆ ಕಿವುಡನ ಹತ್ತಿರ ಪಿಸುಗುಟ್ಟಿದ ಹಾಗೆ. ಹಂದಿಯ ಮೋಟಿಲಿನ್ ಮೊಲಕ್ಕೆ ಹಾಕಿ ನೋಡಿ, ಕುಣಿಯುತ್ತೆ. ಇಲಿ ಜಾತಿಗೆ ಮೋಟಿಲಿನ್ನೂ ಇಲ್ಲ, ಅದನ್ನ ಕೇಳೋ ವ್ಯವಸ್ಥೆಯೂ ಇಲ್ಲ. ಯಾವತ್ತೋ ಕಳ್ಕೊಂಡಿವೆ. ಒಂದು ಕೊಡ ಸುರಿದ್ರೂ ಅಷ್ಟೇ. ಮೊದಲ ವರ್ಷದ ಹುಡುಗರಿಗೂ ಗೊತ್ತಿರೋ ವಿಷಯ ಇದು. ಚಿಕ್ಕ ಡಾಕ್ಟರಿಗೆ ಗೊತ್ತಿಲ್ಲ ಅಂದ್ರೆ ನಂಬ್ತೀರಾ?"

ಜಿಗಣೆ ನಂಬಲಿಲ್ಲ. ಸ್ಟೂಲು ಎಳೆದು ಹತ್ತಿರ ಕೂತ.

"ಸಾರ ಸತ್ತಿದೆ, ಬದುಕಿದೆ ಅನ್ನೋದರಿಂದ ಹೊತ್ತು ಹೇಳಬಹುದಾ?"

"ಗಡಿಯಾರದ ಹಾಗೆ. ಪ್ರಾಣಿ ಸತ್ತ ಕೂಡಲೇ ಕರುಳು ತನ್ನನ್ನ ತಾನೇ ತಿನ್ನೋಕೆ ಶುರುಮಾಡುತ್ತೆ. ಮೊದಲು ಹೋಗೋದೇ ಈ ಸರಗಳು. ಅದಕ್ಕೇ ಕರುಳು ಬಂದ ತಕ್ಷಣ ಕುದಿಯೋ ನೀರಿಗೆ ಹಾಕಬೇಕು, ಆಗ ತಿನ್ನೋ ರಸ ಸಾಯುತ್ತೆ, ಸರ ಉಳಿಯುತ್ತೆ. ದೊಡ್ಡ ಡಾಕ್ಟರು ಹೇಳ್ತಿದ್ರು, ಬಾಗಿಲಿಗೆ ಯಾರೇ ಬರಲಿ, ಮೊದಲು ಬಕೆಟ್ ಸುರಿ, ಆಮೇಲೆ ಮಾತು. ಬೈದು ಬೈದು ನಮ್ಮ ಕೈಗೇ ಕಲಿಸಿಬಿಟ್ಟಿದ್ರು." ಅವಳು ಸೆರಗಿನಿಂದ ಮೂಗೊರೆಸಿಕೊಂಡು, ಗೂಡಿನಿಂದ ಒಂದು ಬಿಳಿ ಮೊಲವನ್ನು ಎತ್ತಿಕೊಂಡಳು.

ಕಿವಿ ಸವರಿದಳು, ಕುತ್ತಿಗೆ ಹಿಡಿದಳು, ಒಂದು ತಿರುವು. ಚಟ್ ಎಂಬ ಸದ್ದಿಗೆ, ಜೀವಮಾನವೆಲ್ಲ ಹೆಣ ಎಣಿಸಿದ ಜಿಗಣೆ ಕೂಡ ಗೋಡೆ ಕಡೆ ತಿರುಗಿಕೊಂಡ. ಹೊಟ್ಟೆ ಸೀಳಿದಾಗ ಒಳಗಿನ ಬಿಸಿ ಹಬೆಯಾಗಿ ಎದ್ದಿತು. ಅವಳು ತುಂಡು ಕತ್ತರಿಸಿ, ತೊಳೆದು, ದಾರ ಕಟ್ಟಿ, ಕೊಳವೆಗೆ ಇಳಿಬಿಟ್ಟಳು.

ಹಂಡೆಯ ಸಾರ ಎರಡು ಹನಿ.

ಲೇಖನಿ ಒಮ್ಮೆ ನಡುಗಿತು. ಆಮೇಲೆ ಕಾಗದದ ಅಂಚು ದಾಟಿ ಮೇಲಕ್ಕೆ ಹಾರಿತು. ಕೊಳವೆಯೊಳಗೆ ಸತ್ತ ಮೊಲದ ಕರುಳು ಹಿಂಡಿ ಹಿಂಡಿ, ದಾರವನ್ನು ಜಗ್ಗಿ, ಕಡ್ಡಿಯನ್ನೇ ಬಾಗಿಸಿತು.

"ಅಯ್ಯಪ್ಪಾ!" ಎಂದ ಜಿಗಣೆ.

"ತಾಜಾ ಸಾರ ಸಾರ್. ವ್ಯಾನ್ ಹೋದ ಬೆನ್ನಿಗೇ ಬೇಯಿಸಿದಾರೆ. ಇನ್ನೊಂದು ಪರೀಕ್ಷೆ ಯಂತ್ರಕ್ಕೆ ಹಾಕಿರ್ತೀನಿ, ಸರಗಳ ತೂಕ ನೋಡೋದು. ಹೊಸ ಹಂಡೆ ಬಂದ್ರೆ ಮಾಡೋದು ನಮ್ಮ ವಾಡಿಕೆ. ನೀವು ಹೋಗಿ, ಆ ಮನುಷ್ಯನನ್ನ ಹಿಡೀರಿ."

ಹಂಡೆಕೋಣೆಯಲ್ಲಿ ಹಬೆ ತುಂಬಿತ್ತು. ಸೊಂಟದೆತ್ತರದ ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ಕರುಳು ಅರೆಯುವ ಯಂತ್ರ ಬಾಯಿ ತೆರೆದು ನಿಂತಿತ್ತು. ನೆಲ ತೊಳೆದಿದ್ದರೂ ಬಿಳಿ ಕಲ್ಲುಗಳ ಸಂದಿಯಲ್ಲಿ ಕಂದು ಗೆರೆ ಹಾಗೇ ಉಳಿದಿತ್ತು. ಚಿಕ್ಕ ಡಾಕ್ಟರು ಉದ್ದ ಹಿಡಿಕೆಯ ಕಬ್ಬಿಣದ ಸೌಟು ಹಿಡಿದು ನೊರೆ ತೆಗೆಯುತ್ತಿದ್ದರು. ಗುಡುಗನನ್ನು ಜಿಗಣೆ ತೋಳು ಹಿಡಿದು ಎಳೆದುಕೊಂಡೇ ಬಂದಿದ್ದ.

"ಡಾಕ್ಟ್ರೇ, ಹಳೇ ಪ್ರಶ್ನೆ. ಬಕೆಟ್ ಹಿಡಿಕೆ ಮೇಲೆ ದೊಡ್ಡ ಡಾಕ್ಟರ ರಕ್ತ. ರಕ್ತದಲ್ಲಿ ನಿಮ್ಮ ಅಂಗೈ ಗುರುತು."

"ಹಳೇ ಉತ್ತರ. ಹಬೆಯಲ್ಲಿ ಕಾಣದೆ ಜಾರಿದೆ, ನೆಲದಲ್ಲಿದ್ದದ್ದು ಕೈಗೆ ಹತ್ತಿತು. ನೀರು ಅಂದ್ಕೊಂಡೆ."

"ಆ ಕೈಯಲ್ಲೇ ಬಕೆಟ್ ಸುರಿದ್ರಿ."

"ಸುರಿದೆ."

"ಅಂದ್ರೆ ಸುರಿದಿದ್ದು ಕೊಲೆ ಆದ ಮೇಲೆ. ಸುರಿದವರು ನೀವೇ."

"ಎಷ್ಟು ಸಲ ಹೇಳಬೇಕು ರೀ? ಹೌದು. ಮಧ್ಯಾಹ್ನ!"

"ಇಲಿಗೆ ಕೇಳಿದ್ರಿ, ಅದಕ್ಕೆ ಕಿವಿ ಇರಲಿಲ್ಲ. ನಾವು ಮೊಲಕ್ಕೆ ಕೇಳಿದ್ವಿ," ಎಂದ ಜಿಗಣೆ. "ಕಡ್ಡಿ ಬಾಗಿಹೋಯ್ತು ಡಾಕ್ಟ್ರೇ."

ಸೌಟು ನೊರೆಯಲ್ಲೇ ನಿಂತಿತು. ಗುಡುಗು ಇಬ್ಬರ ಮುಖವನ್ನೂ ನೋಡಿ, "ಏನ್ರೀ ಇದು, ಇಲಿ ಅಂತೆ ಮೊಲ ಅಂತೆ, ಕನ್ನಡದಲ್ಲಿ ಹೇಳ್ರಿ!" ಎಂದು ಗದರಿದ.

"ಕನ್ನಡದಲ್ಲಿ ಹೇಳೋದಾದ್ರೆ, ಕರುಳು ಹಂಡೆಗೆ ಬಿದ್ದಿದ್ದು ಬೆಳಗ್ಗೆಯೇ. ತಾಜಾ ಇದ್ದಾಗಲೇ. ಇವರ ಕೈಯಲ್ಲಿ ದೊಡ್ಡ ಡಾಕ್ಟರ ರಕ್ತ ಬಿಸಿ ಇದ್ದಾಗಲೇ. ನನಗೆ ಅರ್ಥ ಆಗದೆ ಇರೋದು ಒಂದೇ. ತಲೆ ಸೀಳಿದವನು ಓಡಿಹೋಗೋದು ಬಿಟ್ಟು ಅಡುಗೆಗೆ ಯಾಕೆ ನಿಲ್ತಾನೆ?"

ಹೇಳಬಾರದು ಅಂದುಕೊಂಡಿದ್ದನ್ನು ಚಿಕ್ಕ ಡಾಕ್ಟರ ಬಾಯಿ ತಾನಾಗಿ ಹೇಳಿಬಿಟ್ಟಿತು.

"ಹಾಳಾಗ್ತಿತ್ತು!"

"ಏನು?"

"ಕರುಳು ಸಾರ್, ತಾಜಾ ಕರುಳು! ಇಪ್ಪತ್ತು ವರ್ಷ, ಮೊದಲು ಬಕೆಟ್ ಸುರಿ, ಮೊದಲು ಬಕೆಟ್ ಸುರಿ… ಅವನು ಇಲ್ಲಿ ಬಿದ್ದು ಒದ್ದಾಡ್ತಿದ್ದ, ನನ್ನ ಕೈ ತನ್ನ ಪಾಡಿಗೆ ಬಕೆಟ್ ಎತ್ತಿತು. ಎಷ್ಟಿವೆ, ಏನಿದೆ ಅಂತಾನೂ ನೋಡಲಿಲ್ಲ. ಸುರಿದ ಮೇಲೆ ನೆನಪಾಯ್ತು, ಮಚ್ಚು ಇನ್ನೂ ಅವನ ತಲೆಯಲ್ಲೇ ಇದೆ ಅಂತ." ದನಿ ಕೀರಲಾಯಿತು. "ನಾನು ಕುರಿಯಲ್ಲಿ ಕಂಡುಹಿಡಿದ ಸರ ಹಂದಿದೇ, ಕದ್ದ ಮಾಲು ಅಂತ ನಾಳೆ ಎಲ್ಲರ ಮುಂದೆ ಹೇಳ್ತೀನಿ ಅಂದ. ನಕ್ಕೊಂಡು ಹೇಳಿದ ರೀ! ಮಚ್ಚು ಮೇಜಿನ ಮೇಲಿತ್ತು."

ಅಷ್ಟು ಹೇಳಿದವರೇ ಸೌಟನ್ನು ತುಂಬಿ ಬೀಸಿದರು.

ಕುದಿನೀರು ಹಾರಿ ಬಂತು. ಜಿಗಣೆ ಎಡಗೈ ಅಡ್ಡ ಹಿಡಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಂಕಿ ಹೊತ್ತಿದ ಹಾಗಾಯಿತು. ಕಿರುಚುವುದರೊಳಗೆ ಸೌಟಿನ ಕಬ್ಬಿಣ ಗುಡುಗನ ಕೆನ್ನೆಗೆ ಬಡಿಯಿತು. ಅವನ ಎರಡು ಹಲ್ಲು ರಕ್ತದ ಜೊತೆ ನೆಲಕ್ಕುರುಳಿದವು, ಪಿಸ್ತೂಲು ಹಂಡೆಯ ಅಡಿಗೆ ಜಾರಿತು.

ಮರುಕ್ಷಣ ಚಿಕ್ಕ ಡಾಕ್ಟರ ಎರಡೂ ಕೈ ಮುದುಕನ ಕುತ್ತಿಗೆ ಮೇಲಿದ್ದವು. ಹಿಂದಕ್ಕೆ, ಹಿಂದಕ್ಕೆ, ಹಂಡೆಯ ಅಂಚಿಗೆ. ಕೆಳಗಿನಿಂದ ಬಂದ ಹಬೆಗೆ ಜಿಗಣೆಯ ಕಿವಿ, ಕತ್ತು ಬೊಬ್ಬೆ ಎದ್ದವು. ತಲೆ ಇನ್ನೊಂದು ಗೇಣು ಇಳಿದಿದ್ದರೆ ಮುಗಿಯುತ್ತಿತ್ತು. ಬೆಂದ ಕೈ ಏಳಲಿಲ್ಲ, ಇನ್ನೊಂದು ಕೈಯಲ್ಲಿ ಹಂಡೆಯ ಬಳೆ ಹಿಡಿದಿದ್ದ. ಉಳಿದಿದ್ದು ಬಾಯಿ. ಎದುರಿಗಿದ್ದ ಮಣಿಕಟ್ಟಿಗೆ ಹಲ್ಲು ಊರಿದ.

ಕಚ್ಚಿದರೆ ಬಿಡುವವನಲ್ಲ ಎಂದೆವಲ್ಲ. ಎಲುಬು ತಾಗುವವರೆಗೆ ಕಚ್ಚಿದ. ಬಿಸಿ ರಕ್ತ ಗಂಟಲಿಗಿಳಿಯಿತು, ಆದರೂ ಬಿಡಲಿಲ್ಲ. ಚಿಕ್ಕ ಡಾಕ್ಟರು ಊಳಿಟ್ಟರು. ಅಷ್ಟರಲ್ಲಿ ಗುಡುಗು ತೆವಳಿ ಬಂದು, ನೆಲದ ಸೌಟನ್ನು ಎರಡು ಕೈಯಲ್ಲೆತ್ತಿ ಅವರ ಮೊಣಕಾಲಿಗೆ ಇಳಿಸಿದ. ಒಣ ಸೌದೆ ಮುರಿದ ಸದ್ದು ಬಂತು. ಬೀಳುವಾಗ ಆಸರೆಗೆ ಚಾಚಿದ ಕೈ ಹಂಡೆಯೊಳಗೆ ಹೋಯಿತು. ಆ ಕೂಗು ಓಣಿ ದಾಟಿ ಪ್ರಾಣಿಗಳ ಕೋಣೆಗೂ ಕೇಳಿಸಿ, ಅಲ್ಲಿನ ಮೊಲಗಳೆಲ್ಲ ಗೂಡು ಬಡಿಯತೊಡಗಿದವು.

ಕೋಳ ಹಾಕಿ ಹೊರಗೆ ಸಾಗಿಸಿದ ಮೇಲೆ ಗುಡುಗು ಬಾಯಿಗೆ ಬಟ್ಟೆ ಒತ್ತಿಕೊಂಡು ಮುದುಕನ ಎದುರು ನಿಂತ. ಹಲ್ಲು ಹೋಗಿದ್ದಕ್ಕೋ ನಾಚಿಕೆಗೋ, ದನಿ ಮೊದಲ ಸಲ ತಗ್ಗಿತ್ತು.

"ಹೊಟ್ಟೆಗೆ ಹಾಕ್ಕೊಳ್ಳಿ ಸಾರ್. ತಪ್ಪಾಯ್ತು."

"ನನ್ನ ಕೈಲಿ ಯಾಕಪ್ಪ ಕೇಳ್ತೀಯ? ಉಗುರು ಕಳ್ಕೊಂಡವನ ಕೈಲಿ ಕೇಳು," ಎಂದ ಜಿಗಣೆ. "ಮೊದಲು ಅವನನ್ನ ಮನೆಗೆ ಕಳಿಸು."

ಗುಡುಗು ಅಲ್ಲೇ ಠಾಣೆಗೆ ಫೋನು ಹಚ್ಚಿ, "ಆ ಕರುಳಿನವನನ್ನ ಬಿಡ್ರೋ. ಜೀಪಲ್ಲೇ ಮನೆ ಬಾಗಿಲಿಗೆ ಬಿಟ್ಟು ಬನ್ನಿ," ಎಂದ. ಅದನ್ನು ಕೇಳಿದ ಮೇಲೆ ಜಿಗಣೆ ಗೋಡೆಗೊರಗಿ ಕೂತ. ಮಗಳ ಮುಖ ಕಣ್ಣೆದುರು ಬಂತು. ಬೆಂದ ಕೈ ಉರಿಯುತ್ತಿದ್ದರೂ ಒಳಗೊಳಗೇ ನಗು ಬಂತು. ಇನ್ನು ಮೇಲೆ ಅವನನ್ನು ಬಾಯ್ತುಂಬ ಅಳಿಯ ಎಂದೇ ಕರೆಯಬೇಕು ಎಂದುಕೊಂಡ.

ಮೊಲದ ಡಾಕ್ಟರೇ ಬಂದು ಅವನ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಗಂಟು ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು.

"ಏನಮ್ಮಾ? ಕೊಲೆಗಾರ ಸಿಕ್ಕಿದ, ನಿಮ್ಮ ಗುರುಗಳಿಗೆ ನ್ಯಾಯ ಸಿಕ್ತು."

"ಯಂತ್ರದ ಪರೀಕ್ಷೆ ಮುಗೀತು ಸಾರ್."

"ಮತ್ತೆ?"

"ಮೋಟಿಲಿನ್ ಒಂದೇ ಥರದ್ದು ಸಿಕ್ತು. ಸರಿಯಾಗೇ ಇದೆ. ಆದ್ರೆ ಸೆಕ್ರೆಟಿನ್ ಎರಡು ಥರದ್ದು ಬಂತು. ಒಂದು ಹಂದಿದು. ಇನ್ನೊಂದರಲ್ಲಿ ಎರಡು ಮಣಿ ಬೇರೆ. ಮೂರು ಸಲ ಓಡಿಸಿದೆ."

"ಬೇರೆ ಅಂದ್ರೆ? ಕುರಿದಾ? ದನದ್ದಾ?"

ಅವಳು ತಲೆಯಲ್ಲಾಡಿಸಿದಳು. "ಹಂದಿಯ ಮೋಟಿಲಿನ್ ಜೊತೆ ಒಂದು ಮಣಿಯೂ ವ್ಯತ್ಯಾಸ ಇಲ್ಲದೆ, ಸೆಕ್ರೆಟಿನ್‌ನಲ್ಲಿ ಮಾತ್ರ ಆ ಎರಡು ಮಣಿ ಬೇರೆ ಇರೋ ಪ್ರಾಣಿ ನಮ್ಮ ಪಟ್ಟಿಯಲ್ಲಿ ಒಂದೇ ಸಾರ್. ಮನುಷ್ಯ."

ಜಿಗಣೆ ಅವಳನ್ನೇ ನೋಡಿದ. "ದೊಡ್ಡ ಡಾಕ್ಟರ ರಕ್ತ ಬೆರೆತಿರಬೇಕು."

"ರಕ್ತದಲ್ಲಿ ಸೆಕ್ರೆಟಿನ್ ಇರೋದು ಇದೆಯೋ ಇಲ್ವೋ ಅನ್ನೋಷ್ಟು. ಇದು ಮೊಳಗಟ್ಟಲೆ ಕರುಳು ಸಾರ್. ಅವರ ಹೊಟ್ಟೆ ಇಡಿಯಾಗಿದೆ, ಶವಾಗಾರದಲ್ಲಿ ಹೊದಿಕೆ ಹೊದಿಸಿದವಳು ನಾನೇ." ಅವಳು ಬಾಯಿ ಮುಚ್ಚಿಕೊಂಡಳು. "ಹಂದಿ ಕರುಳಿನಷ್ಟೇ ತಾಜಾ. ಅದೇ ಬೆಳಗ್ಗೆ ಸತ್ತ ಯಾರದೋ. ಚಿಕ್ಕ ಡಾಕ್ಟರು ನೋಡದೆ ಸುರಿದ್ರು. ನೋಡಿದ್ರೂ ಗೊತ್ತಾಗ್ತಿತ್ತೋ ಇಲ್ವೋ, ಎರಡೂ ಒಂದೇ ಥರ ಕಾಣುತ್ವೆ."

ಗುಡುಗನ ಬಾಯಿಯ ಬಟ್ಟೆ ಕೆಳಗೆ ಬಿತ್ತು. ಜಿಗಣೆ ಮಾತ್ರ ಆಗಲೇ ಎದ್ದಿದ್ದ. ಮುಚ್ಚಳ ಬಿಗಿದ ಬಕೆಟ್‌ಗಳು. ಇಲ್ಲಿ ಯಾರೂ ಕೇಳದೆ, ನೋಡದೆ, ಬಂದ ತಕ್ಷಣ ಕುದಿಸಿ ಅರೆದುಬಿಡುತ್ತಾರೆ ಎಂದು ಗೊತ್ತಿದ್ದವರು ಎಷ್ಟು ಜನ? ಅಳಿಯನನ್ನು ತಾನೇ ನಿಂತು ಬಿಡಿಸಿ, ಪೊಲೀಸ್ ಜೀಪಿನಲ್ಲಿ ಕೂರಿಸಿ, ಮಗಳ ಮನೆಗೆ ಕಳಿಸಿಕೊಟ್ಟಿದ್ದ.

ಮಗಳಿಗೆ ಫೋನು ಹಚ್ಚಿದ. ಅದು ಮೂರು ಸಲ ಬಾರಿಸಿತು.

"ಅಪ್ಪಾ!" ಮಗಳ ದನಿ ಅಳುನಗು ಸೇರಿ ತೊಯ್ದಿತ್ತು. "ಬಂದ್ರಪ್ಪ. ಕಾಲೂರೋಕೆ ಆಗ್ತಿಲ್ಲ, ಆದ್ರೂ ನಗ್ತಾ ಇದಾರೆ. ನಿನ್ನ ಋಣ ಯಾವ ಜನ್ಮದಲ್ಲಿ ತೀರಿಸಲೋ ಗೊತ್ತಿಲ್ಲ."

"ಪುಟ್ಟೀ, ನಾನು ಹೇಳೋದು ಕೇಳು. ಈಗಿಂದೀಗಲೇ ಪಕ್ಕದ ಮನೆಗೆ…"

"ಇರಪ್ಪ, ಫೋನ್ ಕೊಡು ಅಂತಿದಾರೆ. ತಗೊಳ್ರೀ, ಅಪ್ಪ."

ಒಂದು ಉಸಿರಿನ ಸದ್ದು. ಆಮೇಲೆ ಒಡೆದ ತುಟಿಯ, ಆದರೆ ನೆಮ್ಮದಿಯ ದನಿ.

"ಮಾವ, ದೊಡ್ಡ ಉಪಕಾರ ಆಯ್ತು. ಆ ಹಂಡೆಯಲ್ಲಿದ್ದದ್ದನ್ನ ಚೆಲ್ಲಿಬಿಟ್ರಾ, ಇಲ್ಲ ಇನ್ನೂ ಇಟ್ಕೊಂಡಿದಾರಾ?"

"ಚೆಲ್ಲಿದ್ರಪ್ಪ," ಎಂದ ಜಿಗಣೆ. "ಆಗಲೇ ಚೆಲ್ಲಿದ್ರು."

ಅಳಿಯ ಸಣ್ಣಗೆ ನಕ್ಕ.

"ನೀವು ಯಾವತ್ತೂ ನನ್ನನ್ನ ಹೋಗಪ್ಪ ಬಾರಪ್ಪ ಅಂತ ಮಾತಾಡಿಸಿದವರಲ್ಲ ಮಾವ," ಎಂದ, ಮೆಲ್ಲಗೆ. ಆಮೇಲೆ ಫೋನಿನಿಂದ ಬಾಯಿ ತಿರುಗಿಸಿ, "ಲೇ, ಮುಂದಿನ ಬಾಗಿಲು ಹಾಕ್ಕೊಂಡು ಬಾ," ಎಂದು ಕೂಗಿದ.

"ಬಂದೆ," ಎಂದಳು ಮಗಳು. ಚಿಲಕ ಬಿದ್ದ ಸದ್ದು ಜಿಗಣೆಗೆ ಸ್ಪಷ್ಟವಾಗಿ ಕೇಳಿಸಿತು.